ಸಮುದ್ರವಿಲ್ಲದ ಜಿಲ್ಲೆಗೆ ಮುಳುಗು ತಜ್ಞೆ ಏಕೆ ಬೇಕು?

ಉದ್ಯೋಗ ವಿನಿಮಯ ಕಚೇರಿಯ ಮಾನ್ಯ ಮುಖ್ಯಸ್ಥರೇ,

ಸ್ಕೂಬಾ ಡೈವಿಂಗ್ ಪ್ರಮಾಣಪತ್ರ ಹಿಡಿದು ಬಂದ ನನಗೆ ತಾವು ಹನ್ನೊಂದು ತಿಂಗಳಲ್ಲಿ ಮೂರು ದಾರಿ ತೋರಿಸಿದ್ದೀರಿ: ಅಲಂಕಾರಿಕ ಮೀನು ಸಾಕಣೆಯ ತರಬೇತಿ, ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮತ್ತು ತಾಳ್ಮೆ. ಮೂರನೆಯದರಲ್ಲಿ ನಾನೀಗ ಸಾಕಷ್ಟು ಅನುಭವಸ್ಥೆ.

ನಾನು ನಮ್ಮ ಜಿಲ್ಲೆಯದೇ ವಿಜಯಪುರದ (ಗುಮ್ಮಟದ ಊರಲ್ಲ) ರೇಷ್ಮೆ ನೂಲು ಬಿಚ್ಚುವವರ ಮನೆಯ ಮಗಳು. ಮುರುಡೇಶ್ವರದಲ್ಲಿ ಮುಳುಗುವುದನ್ನು ಕಲಿತು, ಅಂಡಮಾನಿನಲ್ಲಿ ಮೂರು ವರ್ಷ ಪ್ರವಾಸಿಗರನ್ನು ಕಡಲಡಿಗೆ ಕರೆದೊಯ್ದವಳು. ಅಮ್ಮ ಮುನಿರತ್ನಮ್ಮನ ಮಂಡಿ ಶಸ್ತ್ರಚಿಕಿತ್ಸೆಗೆಂದು ಊರಿಗೆ ಬಂದೆ. ತಮ್ಮೆದುರು ಅರ್ಜಿ ಇಟ್ಟಾಗ ತಾವು ಕನ್ನಡಕ ತೆಗೆದು ಕೇಳಿದಿರಿ: "ಅಲ್ಲಮ್ಮ, ನಮ್ಮ ಕಡೆ ಬೋರ್‌ವೆಲ್‌ನಲ್ಲೇ ನೀರಿಲ್ಲ, ನೀನು ಎಲ್ಲಿ ಮುಳುಗ್ತೀಯಾ?" ನಾನೂ ನಕ್ಕೆ. ವಾಪಸು ಬಸ್ಸಿನಲ್ಲಿ ಮಾತ್ರ ನಗು ಬರಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ತಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಬೂದಿಗೆರೆ ಕಡೆಯ ಹಳ್ಳಿಯಿಂದ ಸೋದರಮಾವ ಸೊಣ್ಣಪ್ಪ ಫೋನ್ ಮಾಡಿದರು. "ಸಿಂಚೂ, ನಿನ್ ಸಿಲಿಂಡರು ಐತೇನಮ್ಮ? ಕೆರೆ ತುಂಬೈತೆ, ತೂಬು ಕಟ್ಕೊಂಡೈತೆ. ಏರಿ ಜಿನುಗ್ತಾ ಐತೆ."

ಹೋದಾಗ, ನೀರು ಹೊರಬಿಡುವ ತೂಬು ಕಟ್ಟಿಕೊಂಡಿದ್ದರಿಂದ ಏರಿಯನ್ನೇ, ಅಂದರೆ ಕೆರೆಯ ಕಟ್ಟೆಯನ್ನೇ, ಒಡೆಯಲು ಜೆಸಿಬಿ ಬಂದು ನಿಂತಿತ್ತು. ಒಡೆದರೆ ಕೆರೆ ಬರಿದಾಗುತ್ತದೆ, ಬಿಟ್ಟರೆ ಏರಿ ಕೆಳಗಿನ ಮನೆಗಳು ಉಳಿಯುವುದಿಲ್ಲ. ಜೆಸಿಬಿ ಮುಂದೆ ಎಪ್ಪತ್ತು ದಾಟಿದ ಪಿಳ್ಳಣ್ಣ ಕುಕ್ಕರಗಾಲಲ್ಲಿ ಕುಳಿತಿದ್ದರು. ಅವರ ತಂದೆ ಆ ಕೆರೆಯ ನೀರುಗಂಟಿ, ಅಂದರೆ ನೀರು ಬಿಡುವ ಕೆಲಸದವರು.

"ತೂಬಿನ ಬಾಯಿ ಎರಡಾಳು ಆಳದಾಗೈತೆ ಕಣಮ್ಮ," ಎಂದರು. "ಎಡಗಡೆ ಕಲ್ಲುಕಂಬ ಹಿಡ್ಕೊಂಡೇ ಇಳಿ. ಬಾಯಿಗೆ ಎದುರಾಗಿ ನಿಲ್ಬೇಡ, ಎಳ್ಕೊಂಡ್ಬಿಡ್ತದೆ."

ಇದನ್ನೇ ನನ್ನ ಡೈವಿಂಗ್ ಪಠ್ಯಪುಸ್ತಕ ನಾಲ್ಕು ಪುಟಗಳಲ್ಲಿ ಹೇಳಿತ್ತು.

ಸಿಲಿಂಡರ್ ಬೆನ್ನಿಗೇರಿಸಿ, ಸೊಂಟದ ಹಗ್ಗವನ್ನು ಮಾವನ ಕೈಗಿತ್ತು ಇಳಿದೆ. ಅಂಡಮಾನಿನಲ್ಲಿ ನೀರು ಗಾಜಿನಂತಿರುತ್ತದೆ. ಇಲ್ಲಿ ನನ್ನ ಅಂಗೈ ನನಗೇ ಕಾಣಲಿಲ್ಲ. ಒಂದು ಗಳಿಗೆ ಮೇಲೆ ಹೋಗಿಬಿಡೋಣ ಎನ್ನಿಸಿದ್ದು ನಿಜ. ಕಂಬ ತಡಕುತ್ತಾ ಹೋದರೆ ದೊಡ್ಡದೊಂದು ಜಾಲಿ ಕೊಂಬೆ, ಅದಕ್ಕೆ ಸುತ್ತಿಕೊಂಡ ದಪ್ಪ ಪ್ಲಾಸ್ಟಿಕ್ ಹಾಳೆ. ಪಕ್ಕದಿಂದಲೇ ಕೊಂಬೆಗೆ ಇನ್ನೊಂದು ಹಗ್ಗ ಬಿಗಿದು ದಡಕ್ಕೆ ಬಂದೆ. ಟ್ರ್ಯಾಕ್ಟರ್ ಎಳೆಯಿತು. ತೂಬು ಗುಡುಗಿ, ಕಾಲುವೆಯಲ್ಲಿ ನೀರು ಹರಿಯಿತು. ಜೆಸಿಬಿ ಬಂದ ದಾರಿಯಲ್ಲೇ ಹೋಯಿತು.

ಮೇಲೆ ಬಂದ ಹಾಳೆಯನ್ನು ಬಿಡಿಸಿ ನೋಡಿದೆವು. ಅದು ತಮ್ಮ ಕಚೇರಿಯ ಉದ್ಯೋಗ ಮೇಳದ ಫ್ಲೆಕ್ಸ್. ಸ್ವಾಗತ ಕೋರಿದವರ ಮುಖಗಳು ಮಾಸಿದ್ದವು, 'ಅರ್ಹರಿಗೆಲ್ಲ ಉದ್ಯೋಗ' ಎಂಬುದನ್ನು ಮಾತ್ರ ಚೆನ್ನಾಗಿ ಓದಬಹುದಿತ್ತು. ತಮ್ಮ ಕಚೇರಿಯಿಂದ ನನಗೆ ದೊರೆತ ಮೊದಲ ಕೆಲಸಕ್ಕಾಗಿ ಕೃತಜ್ಞಳು.

ಟವೆಲ್ ಹೊದ್ದು ಕಾಫಿ ಕುಡಿಯುವಾಗ ಪಿಳ್ಳಣ್ಣ ಹೇಳಿದರು: "ನಮ್ಮಪ್ಪಂದೂ ಇದೇ ಕೆಲ್ಸ ಕಣಮ್ಮ. ಉಸ್ರು ಬಿಗಿಹಿಡ್ದು ಇಳೀತಿದ್ರು. ಊರೋರು ರಾಗಿ ಅಳ್ದು ಕೊಡೋರು. ಅವ್ರು ಹೋದ್ಮೇಲೆ ಯಾರ್ನೂ ಇಟ್ಕೊಳ್ಳಿಲ್ಲ."

ಅಂದರೆ ಮಾನ್ಯರೇ, ನಮ್ಮ ಜಿಲ್ಲೆಯಲ್ಲಿ ಇಂಥ ಹುದ್ದೆ ಇಲ್ಲವೆಂದಲ್ಲ, ಖಾಲಿ ಬಿದ್ದಿದೆ. ಕೆರೆಗೆ ತೂಬಿದೆ, ಕಾರ್ಖಾನೆಗೆ ನೆಲದಡಿಯ ಸಂಪಿದೆ. ಕ್ವಾರಿ ಹೊಂಡಕ್ಕೆ ಯಾರಾದರೂ ಬಿದ್ದರೆ, ಎಲ್ಲಿಂದಲೋ ಬರಬೇಕಾದ ತಂಡಕ್ಕಾಗಿ ಹೆತ್ತವರು ದಡದಲ್ಲಿ ಎಷ್ಟು ಹೊತ್ತು ಕಾಯಬೇಕು? ಈ ಒಂದು ಪ್ರಶ್ನೆಯನ್ನು ನಾನು ತಮಾಷೆಗೆ ಕೇಳುತ್ತಿಲ್ಲ.

ತಾಲ್ಲೂಕಿಗೊಬ್ಬ ಮುಳುಗು ತಜ್ಞರನ್ನು ನೇಮಿಸಲು ಸರ್ಕಾರಕ್ಕೆ ಬರೆಯಿರಿ. ನನ್ನನ್ನೇ ನೇಮಿಸಬೇಕೆಂದಿಲ್ಲ; ಬಂದವರಿಗೆ ನಾನೇ ಕಲಿಸಿಕೊಡುತ್ತೇನೆ. ಅಂಡಮಾನಿನವರು ಮತ್ತೆ ಕರೆದಿದ್ದಾರೆ, ತಿಂಗಳ ಕೊನೆಗೆ ಉತ್ತರ ಕೊಡಬೇಕು. ಅಮ್ಮ ಹೋಗು ಎನ್ನುವುದಿಲ್ಲ, ಇರು ಎಂದೂ ಅನ್ನುವುದಿಲ್ಲ. ಸುತ್ತಲಿನ ಮೂರು ಕೆರೆಗಳ ತೂಬುಗಳು ಎಲ್ಲೆಲ್ಲಿವೆ ಎಂದು ಬಲ್ಲವರು ಪಿಳ್ಳಣ್ಣ ಒಬ್ಬರೇ. ತೋರಿಸುತ್ತೇನೆ ಬಾ ಎಂದಿದ್ದಾರೆ. ನಾಳೆ ಬೆಳಿಗ್ಗೆ ಹೋಗುತ್ತಿದ್ದೇನೆ.

ಇಂತಿ,
ಸದ್ಯಕ್ಕೆ ದಡದಲ್ಲೇ ಇರುವ
ಸಿಂಚನ, ವಿಜಯಪುರ