ರಜಿಯಾ ಯಾವ ಊರಿನವಳು

ಶಿರಸಿ
ಶುಕ್ರವಾರ, ಮಧ್ಯಾಹ್ನ

ಐಮನ್‌ಳ ಅಬ್ಬಾ ಅವರಿಗೆ ಸಲಾಂ.

ಕನ್ನಡದಲ್ಲಿ ಬರೆದಿದ್ದಾಳಲ್ಲ ಎಂದು ಆಶ್ಚರ್ಯಪಡಬೇಡಿ. ಉರ್ದುವಿನಲ್ಲಾದರೆ ನಿಮ್ಮ ಅಮ್ಮಿ ಮೊದಲು ಓದುತ್ತಾರೆ. ಫೋನ್ ಮಾಡೋಣವೆಂದರೆ, ನಿಮ್ಮ ದನಿ ಕೇಳಿದೊಡನೆ ನನ್ನ ಬಾಯಿಗೆ ಜಗಳವೇ ಬರುತ್ತದೆ.

ನಿನ್ನೆ ತಾಲ್ಲೂಕು ಕಚೇರಿಯಲ್ಲಿ ನಿಮಗೊಂದು ಮಾತೂ ಹೇಳದೆ ಬಂದುಬಿಟ್ಟೆ.

ಮತದಾರರ ಪಟ್ಟಿ ಪರಿಷ್ಕರಿಸುವಾಗ ನನ್ನ ಹೆಸರು ನಿಮ್ಮ ಯಲ್ಲಾಪುರದಲ್ಲೂ ಇದೆ, ಶಿರಸಿಯಲ್ಲೂ ಇದೆ ಎಂದು ನೋಟಿಸ್ ಬಂದಿತ್ತು. ಇಲ್ಲೇ ನೆಲೆಸಿದ್ದೇನೆಂದು ತೋರಿಸದಿದ್ದರೆ ಇಲ್ಲಿಯ ಹೆಸರು ಹೋಗುತ್ತದೆ. ಮನೆ ಮಾಲೀಕರು ಬಾಡಿಗೆ ಕರಾರು ಬರೆದುಕೊಡಲು ಹೆದರಿದರು. ನಾನು ಹೊಲಿಯುವ ಅಂಗಡಿಯಲ್ಲಿ ವಾರವಿಡೀ ಇದೇ ವಾದ. ಒಡತಿ ಪರಿಮಳಕ್ಕ, "ಎರಡೆರಡು ಕಡೆ ಓಟು ಹಾಕೋರು ಇರ್ತಾರೆ ಮಾರಾಯ್ತಿ, ಕಾನೂನು ಬಿಗಿ ಇದ್ರೇ ಒಳ್ಳೇದು" ಎನ್ನುತ್ತಿದ್ದರು. ಜೊತೆಗೆ ಹೊಲಿಯುವ ಮುಸ್ಕಾನ್, "ಹಂಗಾದ್ರೆ ಬಾಡಿಗೆ ಮನೆಯೋರು ಎಂತ ಮಾಡೋದು ಅಕ್ಕಾ?" ಎಂದು ಕೇಳುತ್ತಿದ್ದಳು. ನನಗೆ ಇಬ್ಬರ ಮಾತೂ ಸರಿಯೆನಿಸುತ್ತಿತ್ತು. ಗಂಡನ ಮನೆ ಬಿಟ್ಟು ಬಂದವಳು ತನ್ನ ಊರು ಯಾವುದೆಂದು ಹೇಳಬೇಕು?

ವಿಚಾರಣೆಗೆ ನಿಮ್ಮನ್ನೂ ಕರೆದಿದ್ದಾರೆಂದು ತಿಳಿದಾಗ ಹೋಗುವುದೇ ಬೇಡವೆನಿಸಿತು. ನೀವು ನೆಂಟರಿಗೆಲ್ಲ, ರಜಿಯಾ ಸಿದ್ದಾಪುರದ ತವರಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದೇ ಹೇಳಿಕೊಂಡು ಬಂದವರು. ಅದನ್ನೇ ಅಲ್ಲೂ ಹೇಳಿದರೆ ನನ್ನ ಕಥೆ ಮುಗಿಯಿತು. ನಿಮ್ಮ ಅಲ್ಲಾವುದ್ದೀನ್ ಚಾಚಾ ಬೇರೆ ಪಕ್ಕದಲ್ಲೇ ನಿಂತಿದ್ದರು. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಇಡೀ ಬಳಗಕ್ಕೆ ಗೊತ್ತಾಗುತ್ತದೆ.

ಅಧಿಕಾರಿ ಕೇಳಿದರು, "ಸಮೀಉಲ್ಲಾ ಅಂದ್ರೆ ನೀವಾ? ಇವ್ರು ನಿಮ್ಮ ಮನೇಲೇ ಇದ್ದಾರಾ?"

ನೀವು ಹೇಳಿದಿರಿ, "ಇಲ್ಲ ಸಾಹೇಬ್ರೆ. ಬಿಟ್ಟು ಬಂದು ಮೂರು ವರ್ಷ ಆಯ್ತು. ಇಲ್ಲೇ ದುಡೀತಾಳೆ, ಮಗಳನ್ನ ಇಲ್ಲೇ ಓದಿಸ್ತಾಳೆ. ಅವಳ ಓಟೂ ಇಲ್ಲೇ ಇರ್ಲಿ."

ಚಾಚಾ ನೆಲ ನೋಡಿದರು. ನಿಮ್ಮ ಮುಖ ಕೆಂಪಾದದ್ದನ್ನು ನಾನು ಕಂಡೆ. ಅಧಿಕಾರಿ ಹೇಳಿಕೆ ಬರೆದು ನಿಮ್ಮ ಸಹಿ ಪಡೆದು, "ಆಯ್ತಮ್ಮ, ಯಲ್ಲಾಪುರದ್ದು ತೆಗೀತೇವೆ. ನಿಮ್ಮ ಹೆಸರು ಇಲ್ಲಿ ಉಳೀತದೆ" ಎಂದರು.

ಅಂಗಡಿಗೆ ಓಡಿ ಬಂದು ಮುಸ್ಕಾನ್‌ಳನ್ನು ತಬ್ಬಿಕೊಂಡು ಅತ್ತೆ. ಪರಿಮಳಕ್ಕನೇ ಎಲ್ಲರಿಗೂ ಚಹಾ ತರಿಸಿದರು. ನೋಟಿಸ್ ಬಂದ ಮೇಲೆ ನಿನ್ನೆಯೇ ನಾನು ಹೊಟ್ಟೆತುಂಬ ಉಂಡದ್ದು.

ನೀವು ಹಳೆಯ ಮಾತನ್ನೇ ಹೇಳಿದ್ದರೆ ನಿಮ್ಮ ಮರ್ಯಾದೆ ಉಳಿಯುತ್ತಿತ್ತು. ಹೇಳಲಿಲ್ಲ. ಶುಕ್ರಿಯಾ. ನಮ್ಮ ಜಗಳ ಹಾಗೇ ಇದೆ, ಅದನ್ನು ಇನ್ನೊಂದು ದಿನ ಆಡೋಣ.

ಐಮನ್ ಚೆನ್ನಾಗಿದ್ದಾಳೆ. ಲಾರಿ ನಿಧಾನ ಓಡಿಸಿ.

ಇಂತಿ
ಶಿರಸಿಯ ರಜಿಯಾ

ಮರೆತಿದ್ದೆ: ನೀವು ಸಹಿ ಹಾಕಿ ಹೊರಗೆ ಹೋದ ಮೇಲೆ ಗುಮಾಸ್ತರು, ಬೇಕಿದ್ದರೆ ಗಂಡನ ಹೆಸರು ತೆಗೆದು ತಂದೆಯ ಹೆಸರು ಹಾಕಬಹುದು, ಹಾಕಲೇ ಎಂದು ಕೇಳಿದರು. ಇದ್ದದ್ದೇ ಇರಲಿ ಎಂದೆ.