ನಿಂಬೆಹುಳಿಯಲ್ಲಿ ತೊಳೆದ ನಾಣ್ಯ

ಅಪ್ಪಾ,

ರಾತ್ರಿ ಕೆಟ್ಟ ಕನಸು ಬಿತ್ತು. ನೀನು ಅಂಗಿಯ ಜೇಬು ತಡಕುತ್ತಾ, "ನನ್ನ ನಾಣ್ಯ ಎಲ್ಲೇ?" ಅಂತ ಕೇಳುತ್ತಿದ್ದೆ.

ಅಮ್ಮ ನಾಳೆ ಆಸ್ಪತ್ರೆಯಿಂದ ಬರುತ್ತಾಳೆ. ಅವಳಿಗೆ ಖುಷಿಯಾಗಲಿ ಅಂತ, ನಿನ್ನೆ ನಿನ್ನ ಪೆಟ್ಟಿಗೆಯ ತಾಮ್ರದ ನಾಣ್ಯಗಳನ್ನು ಎರಡು ಗಾಜಿನ ನಡುವೆ ಜೋಡಿಸಿ ಕಿಟಕಿಗೆ ತೂಗುಹಾಕಲು ಹೊರಟೆ. ಮಂಕಾಗಿವೆಯಲ್ಲ ಅಂತ ನಿಂಬೆಹುಳಿ, ಉಪ್ಪು ಹಾಕಿ ತಿಕ್ಕಿದೆ. ನೀನು ಹೆಬ್ಬೆರಳಿಂದ ಸವರುತ್ತಿದ್ದ ಆ ಕರಿ ನಾಣ್ಯವನ್ನೂ, ಆಸ್ಪತ್ರೆಯಲ್ಲಿ ಕಳೆದುಹೋದೀತೆಂದು ಅಮ್ಮ ಅದೇ ಪೆಟ್ಟಿಗೆಯಲ್ಲಿಟ್ಟು ಹೋಗಿದ್ದಳು; ಗೊತ್ತಾಗದೆ ಅದನ್ನೂ ತಿಕ್ಕಿಬಿಟ್ಟೆ. ಈಗ ಎಲ್ಲವೂ ಒಂದೇ ಥರ ಹೊಳೆಯುತ್ತಿವೆ.

ಅಕ್ಕ ಹಣೆ ಚಚ್ಚಿಕೊಂಡಳು. "ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ್ಯಲ್ಲೇ, ಮಹರಾಯ್ತಿ! ಅಪ್ಪ ತೀರಿಹೋದಾಗಿಂದ ಅಮ್ಮ ಅದನ್ನ ಹಿಡ್ಕೊಂಡೇ ಮಲಗೋದು ಅಂತ ಹೇಳ್ಬೇಕಿತ್ತು, ಅಪ್ಪ ನಿನ್ನ ಕನಸಲ್ಲಿ ಬಂದಾಗ."

"ಸುಮ್ನಿರೇ, ಮೊದಲು ಅದು ಯಾವ್ದು ಅಂತ ಹುಡುಕೋಣ."

ಅಮ್ಮ ಕಣ್ಣು ಮುಚ್ಚಿಕೊಂಡೂ ಅದರ ಗುರುತು ಹಿಡಿಯುತ್ತಾಳೆ. ನಾನು ಒಂದು ದಿನವೂ ಅದನ್ನು ಕೈಗೆ ತೆಗೆದುಕೊಂಡವಳಲ್ಲ. ಅಂಚು ಸವೆದಿತ್ತೆಂದು ಮಾತ್ರ ನೆನಪು. ಅಂಥವು ಎರಡು ಸಿಕ್ಕಿವೆ: ಒಂದು, ನಾಣ್ಯದ ಮೇಲಿನ ಹಕ್ಕಿಯ ತಲೆಯ ಕಡೆ ಸವೆದಿದೆ, ಇನ್ನೊಂದು ಬಾಲದ ಕಡೆ. ತಲೆಯ ಕಡೆಯದನ್ನು ಅವಳ ದಿಂಬಿನ ಕೆಳಗಿಟ್ಟಿದ್ದೇನೆ. ಅದೇ ಅಲ್ಲವಾ ಅಪ್ಪಾ? ಇವತ್ತು ರಾತ್ರಿ ಕನಸಲ್ಲಿ ಬಂದು ಇನ್ನೊಂದು ಸಲ ಮುಟ್ಟಿ ನೋಡು.