ನಿಮ್ಮಪ್ಪ ಹಾಕಿದ ಗ್ಯಾಸ್ ಹೀಟರ್

ಸಿಲ್ವರ್ ಕೋವ್, ಮಿಷಿಗನ್
ಭಾನುವಾರ, 17 ಅಕ್ಟೋಬರ್ 1993

ಪ್ರೀತಿಯ ಗ್ಲೆನ್,

ನಿನಗೆ ಬರೆದು ಮೂರು ವಾರವಾಯಿತು. ಅಮ್ಮನಿಗೆ ಏನಾಯಿತೋ ಎಂದು ಗಾಬರಿಯಾಗಿದ್ದರೆ ಕ್ಷಮಿಸು ಮಗನೇ. ಏನೂ ಆಗಿಲ್ಲ, ಬೆರಳು ಮರಗಟ್ಟಿ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ, ಅಷ್ಟೇ. ಜೈಲಿನಲ್ಲಾದರೂ ಬೆಚ್ಚಗಿರುತ್ತದೆ ಅಂದುಕೊಂಡಿದ್ದೇನೆ. ಇಲ್ಲಿ ಈ ತಿಂಗಳ ಏಳಕ್ಕೇ ಹಿಮ ಬಿತ್ತು. ಕಂಬಳಿ ಇನ್ನೊಂದು ಬೇಕಾದರೆ ತಿಳಿಸು.

ನಮ್ಮ ಮನೆಯ ಎಣ್ಣೆ ಹೀಟರ್ ಏಪ್ರಿಲ್‌ನಲ್ಲೇ ಕೆಟ್ಟುಹೋಯಿತು ಎಂದು ಬರೆದಿದ್ದೆನಲ್ಲ. ಪ್ರೊಪೇನ್ ಗ್ಯಾಸ್ ಹಾಕಿಸೋಣ ಎಂದು ನಾನೇ ಹೇಳಿದೆ. ಹಾಕಿಸೋಣ ಅಂದದ್ದು ನಾನು, ನಿಮ್ಮಪ್ಪನಿಗೆ ಕೇಳಿಸಿದ್ದು ಹಾಕೋಣ ಎಂದು. ಊರಲ್ಲಿ ಲೈಸೆನ್ಸ್ ಇರುವ ಗ್ಯಾಸ್ ಕೆಲಸದವರು ಒಬ್ಬರೇ. ಅವರನ್ನು ನಿಮ್ಮಪ್ಪ ಯಾಕೆ ಕರೆಯುವುದಿಲ್ಲ ಎಂದು ನಿನಗೆ ಹೇಳಬೇಕಾಗಿಲ್ಲ. ಪಕ್ಕದ ಊರಿನವನಿಗೆ ಫೋನ್ ಮಾಡಿದರೆ ಜಿಂಕೆ ಬೇಟೆಯ ಕಾಲ ಮುಗಿದ ಮೇಲೆ ಬರುತ್ತೇನೆ ಅಂದ. ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡವನಿಗೆ ನಾಲ್ಕು ಪೈಪು ಜೋಡಿಸುವುದು ಯಾವ ದೊಡ್ಡ ವಿಷಯ ಎಂದು ನಿಮ್ಮಪ್ಪ ಶುರು ಮಾಡಿಯೇಬಿಟ್ಟರು.

ಮೊದಲು ಗೋಡೆ ಕೊರೆದರು. ಅಳತೆ ಎರಡು ಸಲ ತೆಗೆದರಂತೆ. ಡ್ರಿಲ್ ಹೊರಬಂದದ್ದು ನನ್ನ ಅಡುಗೆಮನೆಯ ಕಪಾಟಿನೊಳಗೆ, ಹಿಟ್ಟಿನ ಡಬ್ಬಿಯ ಹಿಂದೆ. ಹೊಗೆಕೊಳವೆಗೆ ಇನ್ನೊಂದು ಕಡೆ ಕೊರೆದರು, ಅಲ್ಲಿ ಮರದ ಕಂಬ ಅಡ್ಡ ಬಂತು. ಮೂರನೆಯ ತೂತು ಸರಿಯಾಯಿತು. ಉಳಿದೆರಡಕ್ಕೆ ಹಳೇ ಕಾಲುಚೀಲ ತುರುಕಿದ್ದಾರೆ. ನಾನೇನಾದರೂ ಅಂದರೆ, ಸ್ಪ್ಯಾನರ್ ಕೊಡು ಎನ್ನುತ್ತಾರೆ. ಕೊಟ್ಟರೆ ಇದಲ್ಲ ಎನ್ನುತ್ತಾರೆ. ಅಷ್ಟು ದಿನ ನಾವು ಊಟ ಮಾಡಿದ್ದು ಹಿತ್ತಲಿನ ಹಬೆಸ್ನಾನದ ಕೋಣೆ ಸೌನಾದಲ್ಲಿ. ಕೋಟು ಹಾಕಿಕೊಂಡು ಹೋಗಿ, ಒಲೆ ಹೊತ್ತಿಸಿ, ಬೆವರುತ್ತಾ ಆಲೂಗಡ್ಡೆ ಸುಲಿದು, ಮತ್ತೆ ಮಂಜುಗಡ್ಡೆಯಂಥ ಮನೆಗೆ ಬರುವುದು. ಈ ವಯಸ್ಸಿಗೆ ನನಗೆ ಇದು ಬೇಕಿತ್ತೇ?

ಗ್ಯಾಸ್ ಲಾರಿ ಬಂತು. ಡ್ರೈವರ್ ಬ್ಯಾರಿ ಒಳ್ಳೆಯ ಹುಡುಗ. ಅಂಗಳದ ಟ್ಯಾಂಕಿಗೆ ತುಂಬುವ ಮೊದಲು ಪೈಪಿಗೆ ಗಾಳಿ ತುಂಬಿ ಒತ್ತಡ ಅಳೆಯುವ ಗೇಜ್ ಹಾಕಿದ. ಐದು ನಿಮಿಷದಲ್ಲಿ ಮುಳ್ಳು ಕೆಳಗಿಳಿಯಿತು. ಎಲ್ಲೋ ಸೋರುತ್ತಿದೆ, ತುಂಬುವುದಿಲ್ಲ ಎಂದು ಹೊರಟೇಹೋದ. ಆಮೇಲೆ ಒಂದು ವಾರ ನಾನು ನೆಲಮಾಳಿಗೆಯಲ್ಲಿ ಟಾರ್ಚ್ ಹಿಡಿದು ನಿಂತೆ, ನಿಮ್ಮಪ್ಪ ಒಂದೊಂದು ಜಾಯಿಂಟಿಗೂ ಬ್ರಷ್ಷಿನಿಂದ ಸಾಬೂನು ನೀರು ಹಚ್ಚಿದರು. ಗುಳ್ಳೆ ಬಂದರೆ ಅಲ್ಲಿ ಸೋರಿಕೆ. ನಾನು ಅಲ್ಲಿ ಗುಳ್ಳೆ ಇದೆ ಅಂದರೆ ಅದು ಸಾಬೂನಿನ ನೊರೆ ಎನ್ನುತ್ತಿದ್ದರು. ಎರಡನೆಯ ಸಲ ಬ್ಯಾರಿ ಬಂದಾಗಲೂ ಮುಳ್ಳು ಇಳಿಯಿತು. ಅವನು ಮೆಲ್ಲಗೆ, ಲೈಸೆನ್ಸ್ ಇರುವವರನ್ನೇ ಕರೆಯಿರಿ ಅಂದ. ನಿಮ್ಮಪ್ಪ ನೆಲ ನೋಡುತ್ತಾ ನಿಂತರು.

ಕಳೆದ ಬುಧವಾರ ನಾನು ಅಂಗಡಿಯಿಂದ ಬಂದಾಗ ಮನೆಯೊಳಗೆ ಕೊಳೆತ ಮೊಟ್ಟೆಯ ವಾಸನೆ. ಕೆಳಗೆ ಹೋಗಿ ನೋಡಿದರೆ, ಅಂಗಳದಲ್ಲಿ ಮಾಂಸ ಸುಡುವ ಒಲೆಯ ಸಣ್ಣ ಸಿಲಿಂಡರನ್ನು ತಂದು ಪೈಪಿಗೆ ಸಿಕ್ಕಿಸಿದ್ದಾರೆ, ನಿಜವಾದ ಗ್ಯಾಸ್ ಬಿಟ್ಟರೆ ವಾಸನೆಯಿಂದ ಸೋರುವ ಜಾಗ ಗೊತ್ತಾಗುತ್ತದೆಯಂತೆ. ಈ ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ನಿಮ್ಮಪ್ಪ ಅದರ ನಡುವೆ ಮೊಣಕಾಲೂರಿ ಕೂತಿದ್ದರು. ಸಿಲಿಂಡರ್ ಮುಚ್ಚಿದೆ, ಕಿಟಕಿಗಳನ್ನೆಲ್ಲ ತೆರೆದೆ, ಅವರ ಕೊರಳಪಟ್ಟಿ ಹಿಡಿದು ಅಂಗಳಕ್ಕೆ ಎಳೆದು ತಂದೆ. ಮದುವೆಯಾದ ಮೂವತ್ತೆರಡು ವರ್ಷಗಳಲ್ಲಿ ನಾನು ಅವರ ಮೈಮೇಲೆ ಕೈ ಹಾಕಿದ್ದು ಅದೇ ಮೊದಲು.

"ರೇನೋ, ನಂಗೆ ಇನ್ನೊಂದು ಹೆಣ ಎತ್ತೋ ಶಕ್ತಿ ಇಲ್ಲ" ಎಂದು ನಿಮ್ಮಪ್ಪನಿಗೆ ಅಂದೆ.

ಮರುದಿನ ಬೆಳಿಗ್ಗೆ ನಾನು ಹೋಗಿ ಒಬ್ಬರನ್ನು ಕರೆದುಕೊಂಡು ಬಂದೆ. ಅಡುಗೆಮನೆ ನೆಲದಡಿಯ ತಾಮ್ರದ ಪೈಪಿನ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಅರ್ಧ ಗಂಟೆಯಲ್ಲಿ ಹುಡುಕಿದರು, ಕತ್ತರಿಸಿ ಹೊಸದಾಗಿ ಜೋಡಿಸಿದರು, ಸೋರಿಕೆ ಇಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದರು. ಶುಕ್ರವಾರ ಬ್ಯಾರಿ ಟ್ಯಾಂಕ್ ತುಂಬಿದ. ಈಗ ಮನೆ ಬೆಚ್ಚಗಿದೆ. ನಿಮ್ಮಪ್ಪ ಸಿಕ್ಕವರಿಗೆಲ್ಲ ತಾನೇ ಹಾಕಿದ್ದು ಎನ್ನುತ್ತಿದ್ದಾರೆ. ಹೇಳಿಕೊಳ್ಳಲಿ ಬಿಡು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಯಾರ ಜೊತೆಗೂ ಜಗಳಕ್ಕೆ ಹೋಗಬೇಡ. ಮುಂದಿನ ತಿಂಗಳು ರಸ್ತೆ ತೆರೆದಿದ್ದರೆ ನೋಡಲು ಬರುತ್ತೇನೆ. ದೇವರು ನಿನ್ನನ್ನು ಅಲ್ಲಿಯೂ ಕಾಯಲಿ.

ನಿನ್ನ ಅಮ್ಮ,
ಸೈಮಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಬಂದವರು ರೂಡಿ ಮಟ್ಟಿಲಾ. ಜೋನಿಯ ಅಪ್ಪ. ಅವಳನ್ನು ಮಣ್ಣು ಮಾಡಿದ ದಿನ ನಾನೂ ನಿಮ್ಮಪ್ಪನೂ ಚರ್ಚಿನ ಹಿಂದಿನ ಬಾಗಿಲಲ್ಲಿ ನಿಂತು ಬಂದೆವಲ್ಲ, ಆಮೇಲೆ ನಾನು ಅವರ ಮುಖ ಕಂಡಿದ್ದು ಈಗಲೇ. ಅವರ ಮನೆಗೆ ಹೋಗಿ ಗ್ಯಾಸ್ ಸೋರುತ್ತಿದೆ ಎಂದಷ್ಟೇ ಹೇಳಿದೆ. ಅವರು ಹೆಂಡತಿಯ ಕಡೆ ಒಮ್ಮೆ ನೋಡಿ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡರು. ಕೆಳಗೆ ನಿಮ್ಮಪ್ಪ ಅವರಿಗೆ ಟಾರ್ಚ್ ಹಿಡಿದರು. ನಾನು ಕೊಟ್ಟ ಕಾಫಿಯನ್ನು ರೂಡಿ ಕುಡಿಯಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಸೈಮಾ, ಇದನ್ನ ಕ್ಷಮೆ ಅಂತ ತಿಳ್ಕೋಬೇಡಿ. ಗ್ಯಾಸ್ ಸೋರ್ತಿದ್ರೆ ಯಾರ ಮನೆಗಾದ್ರೂ ಹೋಗ್ತೀನಿ." ಸಾಮಾನಿನ ಪೆಟ್ಟಿಗೆ ಕೆಳಗಿಟ್ಟು, "ಎರಡು ವರ್ಷ ಆಯ್ತು. ಕುಡಿದು ಕಾರ್ ಓಡ್ಸಿ ನನ್ನ ಮಗಳನ್ನ ಕೊಂದವನು ನಿಮ್ಮ ಮಗ. ಇವತ್ತಿನವರ್ಗೂ ನಮ್ಗೆ ಒಂದು ಸಾಲು ಬರೀಲಿಲ್ಲ" ಅಂದರು.

ವಕೀಲರು ಬರೆಯಬೇಡ ಅಂದಿದ್ದಾರೆ ಎಂದು ಹೇಳಲು ಬಾಯಿ ತೆರೆದೆ. ಕೇಸು ಮುಗಿದೇ ಒಂದೂವರೆ ವರ್ಷವಾಗಿದೆ. ಬಾಯಿ ಮುಚ್ಚಿಕೊಂಡೆ.

ನಿಮ್ಮಪ್ಪನ ಮೇಲಿನ ಸಿಟ್ಟನ್ನು ಇಷ್ಟುದ್ದ ಬರೆದೆ. ನಿನ್ನ ಮೇಲಿನದನ್ನು ಒಂದು ಸಲವೂ ಬರೆದಿಲ್ಲ, ನೀನು ಅಲ್ಲಿ ಒಬ್ಬನೇ ಇದ್ದೀಯ ಎಂದು. ಗ್ಲೆನ್, ಅವರಿಗೆ ಬರೆ. ಕ್ಷಮಿಸಿ ಎಂದು ಬೇಡಬೇಡ, ಏನು ಮಾಡಿದೆ ಎಂದು ಬರೆ. ನನಗೆ ಬರೆಯುವ ಮೊದಲು ಅದನ್ನು ಅಂಚೆಗೆ ಹಾಕು. ವಿಳಾಸ ನಿನಗೆ ಗೊತ್ತಿದೆ, ನಾಲ್ಕು ವರ್ಷ ಜೋನಿಯ ಪಕ್ಕ ಕೂತು ಆ ಮನೆಯಲ್ಲಿ ಉಂಡವನು ನೀನು.